ಮಾಜಿ ಯಾ ಚಾಯ್

ನಮ್ಮ ಹೊಳೆಗೂ ಊರಿಗೂ ಒಂದೇ ಹೆಸರು: ಚಹಾ ನೀರು.
ಯಾವನೋ ದಾರಿಹೋಕ ಬಣ್ಣ ನೋಡಿ ಇಟ್ಟನಂತೆ.
ಹಲ್ಲು ಕೆಡಿಸಿದ್ದು ಆ ಬಣ್ಣವಲ್ಲ.
ಮೇರು ಬೆಟ್ಟದ ಹಳೆಯ ಬೂದಿಯಿಂದ
ಕರಗಿ ಬರುವ ಫ್ಲೋರೈಡು,
ರುಚಿಯಿಲ್ಲ, ವಾಸನೆಯಿಲ್ಲ.
ಚಿಲುಮೆಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ
ಬಿಸಿಲಿಗೆ ಹಿಡಿಯಿರಿ: ತಿಳಿ, ತಿಳಿ.

ಇಪ್ಪತ್ತೆರಡು ವರ್ಷದಿಂದ ಹಲ್ಲಿನ ಆಸ್ಪತ್ರೆಯಲ್ಲಿದ್ದೇನೆ.
ಕುರ್ಚಿಯ ಪೆಡಲು ಮುರಿದು ಕೆಳಗೆ ಎರಡು ಇಟ್ಟಿಗೆ.
ಯಾರ ಮುಂದೆಯೂ ನಾನು ಮಾಸ್ಕ್ ತೆಗೆಯುವುದಿಲ್ಲ;
ಆಸ್ಪತ್ರೆಯ ನಿಯಮ ಅಂದುಕೊಳ್ಳುತ್ತಾರೆ, ಪಾಪ.

ಬೆಳಿಗ್ಗೆ ಮುದುಕ ಕಾಯಾ ಬಂದ.
ನಲವತ್ತು ವರ್ಷದ ಸಿಗರೇಟು, ಹಾಲಿಲ್ಲದ ಚಹಾ.
ಗರಗರ ಕೆರೆದೆ, ಅರ್ಧ ಗಂಟೆ.
ಅಡಿಯಲ್ಲಿ ಹಲ್ಲಿತ್ತು!
"ಇದು ನನ್ನದೇ?" ಅಂತ ಕನ್ನಡಿಯನ್ನೇ ಕೇಳಿದ.
ಅದು ಹೊರಗಿನ ಕೊಳೆ, ಹೊಸಿಲ ಮೇಲಿನ ಧೂಳು,
ಗುಡಿಸಿದರೆ ಹೋಗುತ್ತದೆ, ಮತ್ತೆ ಬರುತ್ತದೆ.

ಆಮೇಲೆ ಪಿಕಿಪಿಕಿ ಓಡಿಸುವ ಹುಡುಗ.
ಮುಂದಿನದೊಂದು ಹಲ್ಲು ಮಾತ್ರ ಮೋಡದ ಬಣ್ಣ.
"ಹೋದ ವರ್ಷ ಬಿದ್ದಿದ್ದೆ. ಈಗ ನೋವೇ ಇಲ್ಲ."
ನೋವಿಲ್ಲದ್ದೇ ಸುದ್ದಿ, ತಮ್ಮಾ.
ಒಳಗಿನ ಜೀವ ಹೋಗಿ ಎಷ್ಟು ತಿಂಗಳಾಯಿತೋ.
ಬೇರು ತೊಳೆದು, ಬಿಳುಪಿನ ಮದ್ದನ್ನು ಒಳಗೇ ಇಟ್ಟು
ಮುಚ್ಚಿ ಕಳಿಸಿದೆವು. ವಾರ ಬಿಟ್ಟು ಬಾ.

ಮಧ್ಯಾಹ್ನ ಅನೆತ್ ಪಲ್ಲಾಂಗ್ಯೊ,
ಅಂಗೈಯನ್ನೇ ಬಾಗಿಲು ಮಾಡಿಕೊಂಡು.
ಶನಿವಾರ ನಿಶ್ಚಿತಾರ್ಥದ ಫೋಟೋ.
ಬಾಯಿಬಿಟ್ಟರೆ ಬಣ್ಣಗೇಡು:
ಬೇರೆ ಕಡೆ ಅದು ಮಾತಿಗೆ ಹೇಳುವ ಮಾತು,
ಇಲ್ಲಿ ಬರೀ ನಕ್ಕರೂ ಅಷ್ಟೇ.
ನಿಂಬೆ ತಿಕ್ಕಿದ್ದಾಳೆ, ಉಪ್ಪು ತಿಕ್ಕಿದ್ದಾಳೆ,
ಕೊನೆಗೆ ಪಾತ್ರೆ ತೊಳೆಯುವ ಪುಡಿ.
ಕಂದು ಪಟ್ಟೆ ಅಲ್ಲೇ ಇದೆ,
ಈಗ ತಣ್ಣೀರು ತಾಗಿದರೂ ಜುಂ ಅನ್ನುತ್ತದಂತೆ.

ಹೇಳಿದೆ: ಇದು ಮೆತ್ತಿದ್ದಲ್ಲ ಮಗಳೇ, ಬೆರೆತದ್ದು.
ನಿನಗೆ ಎರಡು ಮೂರು ವರ್ಷ. ಹಾಲುಹಲ್ಲಿನ ಬುಡದಲ್ಲಿ
ದೊಡ್ಡ ಹಲ್ಲು ಇನ್ನೂ ಬೇಯುತ್ತಿತ್ತು,
ನಿಮ್ಮಮ್ಮನ ಒಲೆಯ ಮೇಲೆ ಹುರುಳಿಕಾಯಿ ಬೀಜ ಬೆಂದ ಹಾಗೆ.
ಬೇಗ ಬೇಯಲಿ ಅಂತ ಅವಳು ಹಾಕಿದ ಮಾಗಾಡಿ ಉಪ್ಪಿನಲ್ಲೂ
ಅದೇ ಇತ್ತು. ಅವಳಿಗೆ ಯಾರು ಹೇಳಿದ್ದರು?

ಆಮ್ಲದ ಜೊತೆ ನುಣ್ಣನೆಯ ಪುಡಿ ಕಲಸಿ
ಕೂದಲೆಳೆಯಷ್ಟು ಮೇಲ್ಪದರ ಉಜ್ಜಬಹುದು.
ಪಟ್ಟೆ ತೆಳುವಾದೀತು. ಪೂರ್ತಿ ಹೋದೀತೆಂದು ಆಣೆ ಇಡಲಾರೆ.
ಇಲ್ಲವೇ ಅರೂಷಾಕ್ಕೆ ಹೋಗಿ
ಆರು ಹಲ್ಲಿಗೆ ಬಿಳಿ ಹೊದಿಕೆ ಅಂಟಿಸಿಕೊಂಡು ಬರಬೇಕು.
ಎಷ್ಟು? ಒಂದು ಹಸುವಿನ ಬೆಲೆ.

ಅವಳು ಲೆಕ್ಕ ಹಾಕಲಿಲ್ಲ. ಕೇಳಿದಳು:
"ಎಲಿಬರಿಕಿ ಅಂತ ತಮ್ಮ ಇದ್ದಾನೆ. ಹದಿನಾಲ್ಕು ತಿಂಗಳು.
ಅವನಿಗೆ?"

ಹಿತ್ತಲ ಶೆಡ್ಡಿಗೆ ಕರೆದುಕೊಂಡು ಹೋದೆ.
ಅಲ್ಲಿ ನಾವು ಹಸುವಿನ ಎಲುಬು ಸುಡುತ್ತೇವೆ,
ಇದ್ದಿಲಾದ ಮೇಲೆ ಕುಟ್ಟಿ ಬಕೆಟ್ಟಿಗೆ ತುಂಬುತ್ತೇವೆ.
ಮೇಲೆ ಸುರಿದ ನೀರು ಕೆಳಗಿನ ನಲ್ಲಿಯಲ್ಲಿ ಬರುವಾಗ
ಫ್ಲೋರೈಡನ್ನು ಎಲುಬಿಗೆ ಕೊಟ್ಟು ಬಂದಿರುತ್ತದೆ.
ಸುಡುವುದು ಹದ ತಪ್ಪಿದರೆ ಮಾತ್ರ
ಲೋಟದ ತುಂಬ ಕಸಾಯಿಖಾನೆಯ ವಾಸನೆ.
"ಕುಡಿಯಲೂ ಇದೇ, ಗಂಜಿಗೂ ಇದೇ," ಅಂದೆ.
"ನೀವು ಕುಡಿಯುತ್ತೀರಾ?"

ಮಾಸ್ಕ್ ತೆಗೆದೆ.
ತುಂಬಾ ಹೊತ್ತು ನೋಡಿದಳು.
ಕೈ ಬಾಯಿಂದ ಇಳಿಸಿದ್ದು ಬಕೆಟ್ ಹಿಡಿಯಲೆಂದೇ ಇರಬಹುದು,
ಎರಡೂ ಕೈ ಬೇಕಾಗುವಷ್ಟು ಭಾರ ಅದು.

ಶನಿವಾರದ ಫೋಟೋ ನಾನು ನೋಡಲಿಲ್ಲ.
ಇದ್ದಿಲು ಬದಲಿಸುವ ತಾರೀಖು ಗೋಡೆಗೆ ಬರೆದಿಟ್ಟೆ.
ಸಂಜೆ ಹೊಸ ಎಲುಬಿನ ಗೋಣಿ ಬಿಚ್ಚುವಾಗ
ಒಂದು ದವಡೆ ಉರುಳಿ ಕಾಲ ಬಳಿ ಬಿತ್ತು.
ಹಸುವಿನ ಹಲ್ಲಿನ ಮೇಲೂ
ಅದೇ ಕಂದು ಪಟ್ಟೆ.